ಡ್ರೋನ್ ಮೇಲೇರಿದಾಗ 4ಜಿ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ?

ಡ್ರೋನ್‌ಗೆ ಸಿಮ್ ಹಾಕಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ನೆಲದ ಮೇಲಿದ್ದಾಗ ಚೆನ್ನಾಗಿ ಬರುತ್ತಿದ್ದ ವಿಡಿಯೊ ಮೇಲೆ ಹೋದ ಕೂಡಲೇ ಯಾಕೆ ನಿಲ್ಲುತ್ತದೆ? ಮೋಡೆಮ್ ನೋಡಿದರೆ ಸಿಗ್ನಲ್ ಫುಲ್. ಡೇಟಾ ಮಾತ್ರ ಹೋಗುತ್ತಿಲ್ಲ. ಆಗ ಬಹಳ ಜನ ಇನ್ನೂ ದೊಡ್ಡ ಆಂಟೆನಾ ತಂದು ಹಾಕುತ್ತಾರೆ, ಪರಿಸ್ಥಿತಿ ಇನ್ನೂ ಕೆಡುತ್ತದೆ. ಯಾಕಂದ್ರೆ ಸಮಸ್ಯೆ ಸಿಗ್ನಲ್ ಕಮ್ಮಿ ಆಗಿರುವುದಲ್ಲ, ಜಾಸ್ತಿ ಕಡೆಯಿಂದ ಬರುತ್ತಿರುವುದು.

ರಾಸ್ಪ್‌ಬೆರಿ ಪೈ ಥರದ ಚಿಕ್ಕ ಕಂಪ್ಯೂಟರ್, ಒಂದು 4ಜಿ ಮೋಡೆಮ್, ಆರ್ಡುಪೈಲಟ್ ಅಥವಾ ಪಿಎಕ್ಸ್4 ಸಾಫ್ಟ್‌ವೇರ್ ಓಡುವ ಫ್ಲೈಟ್ ಕಂಟ್ರೋಲರ್ (ಹಾರಾಟ ನೋಡಿಕೊಳ್ಳುವ ಬೋರ್ಡ್) ಇಟ್ಟುಕೊಂಡು ತಾವೇ ಡ್ರೋನ್ ಕಟ್ಟುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಸರ್ವೆ ಕೆಲಸದವರಿಗೂ, ಕಾಲೇಜು ಪ್ರಾಜೆಕ್ಟ್ ಮಾಡುವವರಿಗೂ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲು ಕಾರಣ ತಿಳಿದುಕೊಳ್ಳಿ

ಮೊಬೈಲ್ ಟವರ್ ಇರುವುದು ನೆಲದ ಮೇಲಿನ ಜನರಿಗಾಗಿ. ಅದರ ಆಂಟೆನಾಗಳನ್ನು ಕೆಲವು ಡಿಗ್ರಿ ಕೆಳಕ್ಕೆ ಬಾಗಿಸಿರುತ್ತಾರೆ. ಮುಖ್ಯ ಕಿರಣ ಊರಿನ ಮೇಲೆ, ರಸ್ತೆಯ ಮೇಲೆ ಬೀಳುತ್ತದೆ. ಮೇಲಕ್ಕೆ ಹೋಗುವುದು ಅಕ್ಕಪಕ್ಕದಿಂದ ಸೋರುವ ಸಣ್ಣ ಕಿರಣಗಳು ಮಾತ್ರ. ಟವರ್‌ನ ತಲೆ ದಾಟಿ ಮೇಲೆ ಹೋದ ಡ್ರೋನ್‌ಗೆ ಸಿಗುವುದು ಈ ಸೋರಿಕೆಯೇ. ಆದರೂ ಸಿಗ್ನಲ್ ಜೋರಾಗಿ ಕಾಣುತ್ತದೆ, ನಡುವೆ ಮನೆ, ಮರ ಯಾವುದೂ ಅಡ್ಡ ಇಲ್ಲವಲ್ಲ.

ತೊಂದರೆ ಶುರುವಾಗುವುದು ಇಲ್ಲೇ. ಹತ್ತಿರದ ಟವರ್ ಕಂಡ ಹಾಗೆ ದೂರದವೂ ಕಾಣುತ್ತವೆ. 100 ಮೀಟರ್ ಎತ್ತರದಿಂದ ದಿಗಂತ ಸುಮಾರು 35 ಕಿಲೋಮೀಟರ್ ದೂರ ಇರುತ್ತದೆ. ರಾಯಚೂರು, ಕಲಬುರಗಿ ಕಡೆಯ ಬಯಲಲ್ಲಿ ಅಷ್ಟು ದೂರದೊಳಗೆ ಎಷ್ಟು ಊರು, ಎಷ್ಟು ಟವರ್ ಅಂತ ಲೆಕ್ಕ ಹಾಕಿ. ಅವೆಲ್ಲ ಹೆಚ್ಚುಕಮ್ಮಿ ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿರುತ್ತವೆ. ಜಾತ್ರೆಯ ಗದ್ದಲದಲ್ಲಿ ನಿಂತು ಒಬ್ಬರ ಮಾತು ಕೇಳಿಸಿಕೊಳ್ಳಬೇಕಾದ ಸ್ಥಿತಿ ಮೋಡೆಮ್‌ಗೆ ಬರುತ್ತದೆ. ಯಾವ ಟವರ್ ಒಳ್ಳೆಯದು ಅಂತ ಗೊತ್ತಾಗದೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ಇರುತ್ತದೆ, ಪ್ರತಿ ಜಿಗಿತದಲ್ಲೂ ಸ್ವಲ್ಪ ಡೇಟಾ ತಡವಾಗುತ್ತದೆ ಅಥವಾ ಕಳೆದುಹೋಗುತ್ತದೆ.

ಇದರ ಇನ್ನೊಂದು ಮುಖವನ್ನೂ ನೆನಪಿಡಿ. ನಿಮ್ಮ ಡ್ರೋನ್ ಕಳಿಸುವ ಸಿಗ್ನಲ್ ಕೂಡ ಆ ಎಲ್ಲ ಟವರ್‌ಗಳಿಗೆ ತಲುಪುತ್ತದೆ. ಅಂದರೆ ಕೆಳಗೆ ಫೋನ್ ಬಳಸುವವರಿಗೆ ನಾವು ಅಡ್ಡಿ ಮಾಡುತ್ತಿರುತ್ತೇವೆ. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ 2017ರಲ್ಲಿ ಇದನ್ನೇ ಅಧ್ಯಯನ ಮಾಡಿ, ತನ್ನ 15ನೇ ಆವೃತ್ತಿಯಲ್ಲಿ ಡ್ರೋನ್‌ಗಳಿಗಾಗಿಯೇ ಕೆಲವು ಸೌಲಭ್ಯ ಸೇರಿಸಿತು. ಸಾಧನ ತನ್ನ ಎತ್ತರವನ್ನು ನೆಟ್‌ವರ್ಕ್‌ಗೆ ತಿಳಿಸುವುದು, ಎಷ್ಟು ಜೋರಾಗಿ ಕಳಿಸಬೇಕು ಅಂತ ನೆಟ್‌ವರ್ಕ್ ಹಿಡಿತದಲ್ಲಿಡುವುದು ಇಂಥವು. ಜಪಾನಿನಲ್ಲಿ ಡೊಕೊಮೊ ಕಂಪನಿ 2021ರಿಂದ ಆಕಾಶದಲ್ಲಿ ಬಳಸುವುದಕ್ಕೆ ಅಂತಲೇ ಪ್ರತ್ಯೇಕ ಪ್ಲಾನ್ ಕೊಡುತ್ತಿದೆ. ನಮ್ಮ ಕೈಯಲ್ಲಿರುವುದು ಸಾಮಾನ್ಯ ಸಿಮ್, ಸಾಮಾನ್ಯ ಮೋಡೆಮ್. ಹಾಗಾಗಿ ಅಡ್ಡಿ ಕಮ್ಮಿ ಮಾಡುವ ಜವಾಬ್ದಾರಿಯೂ ನಮ್ಮದೇ.

ಮಲೆನಾಡಲ್ಲಿ ಕಥೆ ಬೇರೆ. ಅಲ್ಲಿ ಟವರ್ ಕಮ್ಮಿ, ಗುಡ್ಡ ಜಾಸ್ತಿ. ಕಣಿವೆಯ ತೋಟದಲ್ಲಿ ಸಿಗ್ನಲ್ ಇಲ್ಲದ ಡ್ರೋನ್, ಗುಡ್ಡದ ಏಣು ದಾಟಿದ ಕೂಡಲೇ ಚೆನ್ನಾಗಿ ಕೆಲಸ ಮಾಡಬಹುದು. ಅದೇ ಡ್ರೋನ್ ಗುಡ್ಡದ ಆಚೆ ಬದಿಗೆ ಇಳಿದರೆ ಒಂದೇ ಏಟಿಗೆ ಸಂಪರ್ಕ ಹೋಗುತ್ತದೆ. ಬಯಲಲ್ಲಿ ಕೆಳಗೆ ಹಾರಿ, ಮಲೆನಾಡಲ್ಲಿ ಏಣಿನ ನೆರಳು ತಪ್ಪಿಸಿ ಹಾರಿ.

ಅನುಮತಿಯ ಮಾತು

ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್‌ವರೆಗೆ ಹಾರಿಸಬಹುದು. ಏರ್‌ಪೋರ್ಟ್‌ನಿಂದ 8ರಿಂದ 12 ಕಿಲೋಮೀಟರ್ ಒಳಗಿನ ಜಾಗದಲ್ಲಿ ಇದು 200 ಅಡಿಗೆ ಇಳಿಯುತ್ತದೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ನೋಡಿ, ನೋಂದಣಿ ಮತ್ತು ಪೈಲಟ್ ಪ್ರಮಾಣಪತ್ರದ ಕೆಲಸ ಮುಗಿಸಿಕೊಳ್ಳಿ. 4ಜಿ ಇದೆ ಅಂದ ಮಾತ್ರಕ್ಕೆ ಕಣ್ಣಿಗೆ ಕಾಣದಷ್ಟು ದೂರ ಕಳಿಸುವಂತಿಲ್ಲ. 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಔಷಧಿ ಸಾಗಿಸುವ ಪ್ರಯೋಗಕ್ಕಾಗಿ ಹಾಗೆ ದೂರ ಹಾರಿಸಿದ್ದು ಸರ್ಕಾರದ ವಿಶೇಷ ಅನುಮತಿ ಪಡೆದೇ. ಈ ಬರಹದಲ್ಲಿ ಎಲ್ಲ ಕಡೆ ಡ್ರೋನ್ ನಿಮ್ಮ ಕಣ್ಣೆದುರೇ ಇದೆ, ಕೈಯಲ್ಲಿ ರೇಡಿಯೊ ರಿಮೋಟ್ ಇದೆ, 4ಜಿ ಎರಡನೆಯ ದಾರಿ ಅಂತಲೇ ಅಂದುಕೊಂಡಿದ್ದೇನೆ.

ಸಿಮ್ ಮೇಲೇ ಹೋಗಬೇಕಾ?

ಏನೂ ಕೊಳ್ಳುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಿ. ಎಷ್ಟೋ ಕೆಲಸಕ್ಕೆ ಸಿಮ್ ನೆಲದ ಮೇಲಿದ್ದರೆ ಸಾಕು.

ಸರ್ವೆಯನ್ನೇ ತೆಗೆದುಕೊಳ್ಳಿ. ಹಳ್ಳಿಯ ಮನೆ, ಜಾಗ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾದ ಮೇಲೆ ಸರ್ವೆ ಆಫ್ ಇಂಡಿಯಾದ ಕಾರ್ಸ್ ಸ್ಟೇಷನ್‌ಗಳ (ಜಿಪಿಎಸ್ ತಪ್ಪು ತಿದ್ದಲು ನೆರವಾಗುವ ಸ್ಥಿರ ಕೇಂದ್ರಗಳು) ಹೆಸರು ಈ ಕೆಲಸದವರಿಗೆಲ್ಲ ಗೊತ್ತು. ಅಲ್ಲಿಂದ ಬರುವ ತಿದ್ದುಪಡಿ ಡೇಟಾ ಇಂಟರ್ನೆಟ್ ಮೂಲಕ ಡ್ರೋನ್‌ಗೆ ತಲುಪಿದರೆ ಡ್ರೋನ್ ಎಲ್ಲಿದೆ ಅನ್ನುವುದು ಸೆಂಟಿಮೀಟರ್ ಮಟ್ಟಕ್ಕೆ ಗೊತ್ತಾಗುತ್ತದೆ. ಇದಕ್ಕಾಗಿ ಡ್ರೋನ್‌ನಲ್ಲೇ ಸಿಮ್ ಇಡಬೇಕಿಲ್ಲ. ಲ್ಯಾಪ್‌ಟಾಪ್ ಅಥವಾ ರಿಮೋಟ್‌ಗೆ ಹಾಟ್‌ಸ್ಪಾಟ್ ಕೊಟ್ಟು, ತಿದ್ದುಪಡಿಯನ್ನು ನೆಲದಲ್ಲೇ ಇಳಿಸಿಕೊಂಡು, ರೇಡಿಯೊ ಮೂಲಕ ಮೇಲಕ್ಕೆ ಕಳಿಸಿ. ನೆಲದಲ್ಲಿ ಆ ಗದ್ದಲ ಇಲ್ಲ, ನೆಟ್ ಸಲೀಸಾಗಿ ಬರುತ್ತದೆ. ನೆಟ್ ಇಲ್ಲವೇ ಇಲ್ಲದ ಜಾಗವಾದರೆ ಡ್ರೋನ್‌ನಲ್ಲಿ ಕಚ್ಚಾ ಜಿಪಿಎಸ್ ಡೇಟಾ ಉಳಿಸಿಕೊಂಡು, ಮನೆಗೆ ಬಂದ ಮೇಲೆ ತಿದ್ದಿಕೊಳ್ಳಿ. ಪಿಪಿಕೆ ಅಂತ ಕರೆಯುವುದು ಇದನ್ನೇ. ನಕ್ಷೆ ಮಾಡುವ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಇದೇ, ಹಾರುವಾಗ ಯಾವ ನೆಟ್‌ವರ್ಕನ್ನೂ ನಂಬಿ ಕೂರಬೇಕಿಲ್ಲ.

ದೂರದಲ್ಲಿ ಕೂತವರಿಗೆ ನೇರ ವಿಡಿಯೊ ಬೇಕು, ಆಫೀಸಿನಿಂದಲೇ ಟೆಲಿಮೆಟ್ರಿ (ಡ್ರೋನ್ ಕಳಿಸುವ ಜಾಗ, ಎತ್ತರ, ಬ್ಯಾಟರಿಯ ವಿವರ) ನೋಡಬೇಕು ಅನ್ನುವವರು ಮುಂದೆ ಓದಿ.

ಮೋಡೆಮ್, ಕರೆಂಟ್, ಆಂಟೆನಾ

ಮೋಡೆಮ್ ಕೊಳ್ಳುವಾಗ ಮೂರು ವಿಷಯ ನೋಡಿ. ಎರಡು ಆಂಟೆನಾ ಹಾಕಲು ಜಾಗ ಇರಬೇಕು. ಬ್ಯಾಂಡ್ ಲಾಕ್ ಮಾಡಲು, ಅಂದರೆ ಒಂದೇ ಫ್ರೀಕ್ವೆನ್ಸಿ ಗುಂಪಿಗೆ ಕಟ್ಟಿಹಾಕಲು ಬಿಡಬೇಕು. ಸಿಗ್ನಲ್‌ನ ವಿವರ ಅಂಕಿಗಳನ್ನು ಎಟಿ ಕಮಾಂಡ್‌ನಲ್ಲಿ (ಮೋಡೆಮ್‌ಗೆ ಟೈಪ್ ಮಾಡಿ ಕೊಡುವ ಆಜ್ಞೆ) ಕೊಡಬೇಕು. ಕ್ವೆಕ್ಟೆಲ್‌ನ ಇಸಿ25, ಸಿಮ್‌ಕಾಮ್‌ನ ಸಿಮ್7600 ಸಾಲಿನ ಮಾಡ್ಯೂಲ್‌ಗಳು ಇದಕ್ಕೆ ಸಾಕು, ಆದರೆ ಭಾರತದ ಬ್ಯಾಂಡ್‌ಗಳಿರುವ ಮಾದರಿಯನ್ನೇ ಕೇಳಿ ತನ್ನಿ. ಒಳಗೇನಿದೆ ಅಂತ ತೋರಿಸದ ಅಗ್ಗದ ಡಾಂಗಲ್ ಬೇಡ.

ಹಾರುವಾಗ ಮೋಡೆಮ್ ಆಫ್ ಆಗಿ ಆನ್ ಆಗುವುದನ್ನು ನೆಟ್‌ವರ್ಕ್ ತಪ್ಪು ಅಂದುಕೊಳ್ಳುವವರು ಬಹಳ. ಅನೇಕ ಸಲ ಅದು ಕರೆಂಟ್ ಸಾಲದೆ ಆಗುವುದು. ಮೋಡೆಮ್ ಜೋರಾಗಿ ಕಳಿಸುವಾಗ ಒಂದು ಕ್ಷಣಕ್ಕೆ 2 ಆಂಪಿಯರ್‌ವರೆಗೂ ಎಳೆಯಬಹುದು. ಪೈನ ಯುಎಸ್‌ಬಿ ಪೋರ್ಟ್‌ನಿಂದ, ಅದೂ ಕ್ಯಾಮೆರಾ ಜೊತೆಗೆ ಹಂಚಿಕೊಂಡು ಓಡಿಸಿದರೆ ವೋಲ್ಟೇಜ್ ಕುಸಿಯುತ್ತದೆ. ಮೋಡೆಮ್‌ಗೆ ಅಂತಲೇ 5 ವೋಲ್ಟ್, 3 ಆಂಪಿಯರ್‌ನ ಬೇರೆ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಚಿಕ್ಕ ಬೋರ್ಡ್) ಹಾಕಿ. ಯುಎಸ್‌ಬಿ ತಂತಿ ಗಿಡ್ಡ ಇರಲಿ, ಸಡಿಲ ಇರದಿರಲಿ. ಆಂಟೆನಾದ ಸಣ್ಣ ಗುಂಡಿ ಕನೆಕ್ಟರ್ ಅಲುಗಾಟಕ್ಕೆ ಕಳಚಿಕೊಳ್ಳುತ್ತದೆ, ಒಂದು ಹನಿ ಹಾಟ್ ಗ್ಲೂ ಹಾಕಿ ಕೂರಿಸಿ.

ಆಂಟೆನಾ ಎಲ್ಲಿಡಬೇಕು? ಕಾರ್ಬನ್ ಫೈಬರ್ ರೇಡಿಯೊ ಅಲೆಗಳನ್ನು ತಡೆಯುತ್ತದೆ, ಬ್ಯಾಟರಿಯೂ ತಡೆಯುತ್ತದೆ. ಹಾಗಾಗಿ ಆಂಟೆನಾ ದೇಹದ ಕೆಳಗೆ, ಕಾಲುಗಳ ಹತ್ತಿರ ನೇತಾಡುವ ಹಾಗಿರಲಿ. ಒಂದು ನೆಟ್ಟಗೆ, ಇನ್ನೊಂದು ಅದಕ್ಕೆ ಅಡ್ಡಡ್ಡ. ಆಗ ಡ್ರೋನ್ ವಾಲಿದಾಗಲೂ ಒಂದಲ್ಲ ಒಂದು ಕೆಲಸ ಮಾಡುತ್ತಿರುತ್ತದೆ. ಜಿಪಿಎಸ್ ಮೇಲ್ಗಡೆ, ಮೋಡೆಮ್ ಆಂಟೆನಾ ಕೆಳಗಡೆ, ನಡುವೆ ಎಷ್ಟು ಸಾಧ್ಯವೋ ಅಷ್ಟು ದೂರ. ಯುಎಸ್‌ಬಿ 3 ಪೋರ್ಟ್ ಮತ್ತು ತಂತಿಗಳು ಎಬ್ಬಿಸುವ ರೇಡಿಯೊ ಗದ್ದಲ ಜಿಪಿಎಸ್ ಮತ್ತು 2.4 ಗಿಗಾಹರ್ಟ್ಸ್ ರಿಮೋಟ್ ಎರಡಕ್ಕೂ ತೊಂದರೆ ಕೊಡುತ್ತದೆ. ಮೋಡೆಮನ್ನು ಯುಎಸ್‌ಬಿ 2ಕ್ಕೇ ಚುಚ್ಚಿ, ನಮಗೆ ಬೇಕಾದ ವೇಗಕ್ಕೆ ಅದು ಧಾರಾಳ.

ಇನ್ನೊಂದು, ಬಿಸಿಲು. ಏಪ್ರಿಲ್ ತಿಂಗಳ ಬಿಸಿಲಲ್ಲಿ ಮುಚ್ಚಿದ ಡಬ್ಬಿಯೊಳಗೆ ಮೋಡೆಮ್ ಆನ್ ಮಾಡಿ ನೆಲದಲ್ಲಿ ಬಿಟ್ಟರೆ ಹಾರುವ ಮುಂಚೆಯೇ ಕಾದುಹೋಗುತ್ತದೆ. ನೆರಳಲ್ಲಿಡಿ, ಗಾಳಿಗೆ ದಾರಿ ಮಾಡಿ.

ಯಾವ ಸಿಮ್?

ಊರಿನವರು "ಇಲ್ಲಿ ಇದೇ ಚೆನ್ನಾಗಿ ಬರೋದು" ಅನ್ನುವ ಸಿಮ್ ಮೇಲೆ ಚೆನ್ನಾಗಿ ಬರಬೇಕಿಲ್ಲ. ಎರಡು ಕಂಪನಿಯ ಸಿಮ್ ಇಟ್ಟುಕೊಂಡು ಎರಡನ್ನೂ ಪರೀಕ್ಷೆ ಮಾಡಿ. ಕೆಲಸ ಮುಖ್ಯವಾದರೆ ಎರಡು ಮೋಡೆಮ್ ಹಾಕಿ, ಎರಡು ಕಂಪನಿಯದು. ಒಂದೇ ಮೋಡೆಮ್‌ನಲ್ಲಿ ಎರಡು ಸಿಮ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹತ್ತಾರು ಸೆಕೆಂಡ್ ಹೋಗಬಹುದು, ಗಾಳಿಯಲ್ಲಿ ಅದು ಬಹಳ ಹೊತ್ತು.

ಇಲ್ಲೊಂದು ವಿಷಯ ಗಮನಿಸಬೇಕು. ಎರಡು ಕಂಪನಿ ಅಂದರೆ ಎರಡು ಟವರ್ ಅಂತಲ್ಲ. ಒಂದೇ ಕಂಬವನ್ನು ಬೇರೆ ಬೇರೆ ಕಂಪನಿಗಳು ಹಂಚಿಕೊಳ್ಳುವುದು ಸಾಮಾನ್ಯ. ಹಳ್ಳಿಯಲ್ಲಿ ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆ ಜಾಗದ ಪವರ್ ಕಟ್ ಹೊತ್ತು ಯಾವುದು ಅಂತ ತೋಟದವರನ್ನೇ ಕೇಳಿ, ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳುವುದಿಲ್ಲ.

ಮೋಡೆಮನ್ನು 4ಜಿ ಮಾತ್ರ ಅಂತ ಸೆಟ್ ಮಾಡಿ. ಇಲ್ಲದಿದ್ದರೆ 4ಜಿ ಒಂದು ಕ್ಷಣ ತಪ್ಪಿದಾಗ ಅದು 2ಜಿಗೆ ಇಳಿದು ಅಲ್ಲೇ ಕೂರಬಹುದು. 5ಜಿಯನ್ನೂ ಸದ್ಯಕ್ಕೆ ಬಿಡಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 3.5 ಗಿಗಾಹರ್ಟ್ಸ್ 5ಜಿಯ ಕಿರಣಗಳು ನೆಲದ ಕಡೆಗೇ ಗುರಿಯಿಟ್ಟಿರುತ್ತವೆ, ಮೇಲೆ ಅದು ಬಂದು ಹೋಗಿ ಮಾಡುತ್ತದೆ.

ಎತ್ತರದ ಪರೀಕ್ಷೆ

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಹೊಸ ಜಾಗಕ್ಕೆ ಹೋದಾಗ ಮಿಷನ್ ಶುರು ಮಾಡುವ ಮುಂಚೆ ಡ್ರೋನನ್ನು ನೆಟ್ಟಗೆ ಮೇಲಕ್ಕೆ ಕಳಿಸಿ. 10 ಮೀಟರ್‌ನಲ್ಲಿ ಒಂದು ನಿಮಿಷ ನಿಲ್ಲಿಸಿ. ಆಮೇಲೆ 30, 60, 90, ಅನುಮತಿ ಇದ್ದರೆ 120. ಪ್ರತಿ ಎತ್ತರದಲ್ಲೂ ಡ್ರೋನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಪೈನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಸೆಕೆಂಡಿಗೊಮ್ಮೆ ಮೋಡೆಮನ್ನು ಕೇಳಿ ಬರೆದುಕೊಳ್ಳುತ್ತಿರಲಿ: ಆರ್‌ಎಸ್‌ಆರ್‌ಪಿ, ಆರ್‌ಎಸ್‌ಆರ್‌ಕ್ಯೂ (ಸಿಗ್ನಲ್‌ನ ಗುಣಮಟ್ಟ), ಎಸ್‌ಐಎನ್‌ಆರ್, ಸೆಲ್ ಐಡಿ (ಯಾವ ಟವರ್‌ನ ಯಾವ ಸೆಲ್ ಅನ್ನುವ ಗುರುತು), ಬ್ಯಾಂಡ್. ಜೊತೆಗೆ ನಿಮ್ಮ ಸರ್ವರ್‌ಗೆ (ಅದರ ಮಾತು ಮುಂದೆ ಬರುತ್ತದೆ) ಪಿಂಗ್, ಅಂದರೆ ಹೋಗಿ ಬರುವ ಸಮಯ, ಎಷ್ಟು ಮಿಲಿಸೆಕೆಂಡ್ ಅನ್ನುವುದೂ ಇರಲಿ. ಪ್ರತಿ ಎತ್ತರದಲ್ಲೂ ಕೆಲವು ಸೆಕೆಂಡ್ ಅಪ್‌ಲೋಡ್ ವೇಗ ನೋಡಿ. ಡೌನ್‌ಲೋಡ್ ವೇಗ ಬೇಡ, ಡ್ರೋನ್ ಕಳಿಸುವುದೇ ಜಾಸ್ತಿ.

ಈ ಅಂಕಿಗಳನ್ನು ಓದುವುದು ಕಷ್ಟ ಏನಲ್ಲ. ಆರ್‌ಎಸ್‌ಆರ್‌ಪಿ ಅಂದರೆ ಸಿಗ್ನಲ್ ಎಷ್ಟು ಜೋರು. ಮೈನಸ್ 90 ಡಿಬಿಎಂಗಿಂತ ಮೇಲಿದ್ದರೆ ಚೆನ್ನಾಗಿದೆ, ಮೈನಸ್ 110ಕ್ಕಿಂತ ಕೆಳಗಾದರೆ ಕಷ್ಟ. ಎಸ್‌ಐಎನ್‌ಆರ್ ಅಂದರೆ ಗದ್ದಲಕ್ಕಿಂತ ಮಾತು ಎಷ್ಟು ಜೋರು. 10ಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಸೊನ್ನೆಯ ಹತ್ತಿರ ಬಂದರೆ ವಿಡಿಯೊ ಆಸೆ ಬಿಡಿ. ಫೋನಿನ ಕಡ್ಡಿಗಳು ಮುಖ್ಯವಾಗಿ ಸಿಗ್ನಲ್‌ನ ಜೋರನ್ನು ತೋರಿಸುತ್ತವೆ, ನಮಗೆ ಬೇಕಾದ್ದು ಎಸ್‌ಐಎನ್‌ಆರ್. ಬಯಲಲ್ಲಿ ಮೇಲೆ ಹೋಗುತ್ತಾ ಹೋದಂತೆ ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ. ಉದಾಹರಣೆಗೆ ನೆಲದಲ್ಲಿ ಮೈನಸ್ 98 ಮತ್ತು 13 ಇದ್ದದ್ದು, 100 ಮೀಟರ್‌ನಲ್ಲಿ ಮೈನಸ್ 82 ಮತ್ತು ಮೈನಸ್ 1 ಆಗಬಹುದು. ಸಿಗ್ನಲ್ ಫುಲ್ ಇದ್ದೂ ಡೇಟಾ ಹೋಗದಿರುವುದು ಅಂದರೆ ಇದೇ.

ಸೆಲ್ ಐಡಿಯ ಸಾಲನ್ನೂ ನೋಡಿ. ಡ್ರೋನ್ ಒಂದೇ ಕಡೆ ನಿಂತಿದ್ದರೂ ಐಡಿ ಹಿಂದೆ ಮುಂದೆ ಬದಲಾಗುತ್ತಲೇ ಇದ್ದರೆ ಆ ಎತ್ತರ ಬೇಡ. ಸುತ್ತು ತಿರುಗುವಾಗ ಒಂದು ದಿಕ್ಕಿನಲ್ಲಿ ಮಾತ್ರ ಸಿಗ್ನಲ್ ಬಿದ್ದರೆ ಆಂಟೆನಾಗೆ ಡ್ರೋನ್‌ನ ದೇಹವೇ ಅಡ್ಡ ಬರುತ್ತಿದೆ, ಜಾಗ ಬದಲಿಸಿ.

ಪರೀಕ್ಷೆ ಮುಗಿದಾಗ ನಿಮ್ಮ ಕೈಯಲ್ಲಿ ಒಂದು ಉತ್ತರ ಇರುತ್ತದೆ: ಈ ಜಾಗದಲ್ಲಿ, ಈ ಸಿಮ್‌ಗೆ, ಇಷ್ಟು ಮೀಟರ್‌ವರೆಗೆ ಸರಿ. ಮಿಷನ್ ಎತ್ತರವನ್ನು ಅದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಿ. 110 ಮೀಟರ್‌ನಲ್ಲಿ ಮಾಡಬೇಕು ಅಂದುಕೊಂಡ ಕೆಲಸವನ್ನು 60ರಲ್ಲಿ ಮಾಡಿದರೆ ಬ್ಯಾಟರಿ ಒಂದೆರಡು ಜಾಸ್ತಿ ಬೇಕಾಗಬಹುದು, ಅಷ್ಟೇ.

ಬ್ಯಾಂಡ್ ಲಾಕ್ ಮಾಡಿ, ಸೆಲ್ ಲಾಕ್ ಬೇಡ

ಪರೀಕ್ಷೆಯ ಲಾಗ್‌ನಲ್ಲಿ ಯಾವ ಬ್ಯಾಂಡ್‌ನಲ್ಲಿದ್ದಾಗ ಎಸ್‌ಐಎನ್‌ಆರ್ ಚೆನ್ನಾಗಿತ್ತು ಅಂತ ನೋಡಿ, ಅದಕ್ಕೆ ಲಾಕ್ ಮಾಡಿ ಮತ್ತೆ ಹಾರಿಸಿ. ಶುರು ಮಾಡಲು ನಾನು ಹೇಳುವುದು 1800 ಮೆಗಾಹರ್ಟ್ಸ್‌ನ ಬ್ಯಾಂಡ್ 3. 2300ರ ಬ್ಯಾಂಡ್ 40 ವೇಗವಾಗಿ ಕಾಣುತ್ತದೆ, ಆದರೆ ಅಲ್ಲಿ ಕಳಿಸುವುದಕ್ಕೂ ಪಡೆಯುವುದಕ್ಕೂ ಒಂದೇ ಫ್ರೀಕ್ವೆನ್ಸಿ. ಸಮಯ ಹಂಚುವಾಗ ಹೆಚ್ಚು ಪಾಲು ಡೌನ್‌ಲೋಡ್‌ಗೇ ಹೋಗುತ್ತದೆ. ಬ್ಯಾಂಡ್ 3ರಲ್ಲಿ ಅಪ್‌ಲೋಡ್‌ಗೆ ಅದರದೇ ದಾರಿ ಇದೆ. 850, 900ರ ಬ್ಯಾಂಡ್‌ಗಳು ಬಹಳ ದೂರ ಹೋಗುತ್ತವೆ, ಬಯಲಲ್ಲಿ ಅದೇ ತೊಂದರೆ, ಕಣಿವೆಯಲ್ಲಿ ಅದೇ ಉಪಕಾರ.

ಒಂದೇ ಸೆಲ್‌ಗೆ ಕಟ್ಟಿಹಾಕುವ ಆಯ್ಕೆಯೂ ಕೆಲವು ಮೋಡೆಮ್‌ಗಳಲ್ಲಿದೆ. ಹಾರುವ ವಸ್ತುವಿಗೆ ಅದು ಬೇಡ, ಆ ಸೆಲ್ ತಪ್ಪಿದರೆ ಬೇರೆ ದಾರಿಯೇ ಇರುವುದಿಲ್ಲ.

ಡ್ರೋನನ್ನು ಹೊರಗಿನಿಂದ ತಲುಪುವುದು

ನಮ್ಮ ಮೊಬೈಲ್ ಕಂಪನಿಗಳು ಸಾಮಾನ್ಯ ಸಿಮ್‌ಗೆ ನೇರ ಐಪಿವಿ4 ವಿಳಾಸ ಕೊಡುವುದಿಲ್ಲ, ಸಾವಿರಾರು ಜನ ಒಂದೇ ವಿಳಾಸದ ಹಿಂದೆ ಇರುತ್ತಾರೆ. ಹಾಗಾಗಿ ನೀವು ಹೊರಗಿನಿಂದ ಡ್ರೋನ್‌ಗೆ ಸಂಪರ್ಕ ಮಾಡಲು ಆಗದು. ಡ್ರೋನೇ ಹೊರಗೆ ಬರಬೇಕು. ಮುಂಬೈ ಅಥವಾ ಹೈದರಾಬಾದ್‌ನಲ್ಲಿ ಒಂದು ಚಿಕ್ಕ ಸರ್ವರ್ ಬಾಡಿಗೆಗೆ ತೆಗೆದುಕೊಂಡು ವೈರ್‌ಗಾರ್ಡ್ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಹಾಕಿ. ಡ್ರೋನ್ ಮತ್ತು ಲ್ಯಾಪ್‌ಟಾಪ್ ಎರಡೂ ಅಲ್ಲಿಗೆ ಬಂದು ಸೇರಲಿ. ಸರ್ವರ್ ತಂಟೆ ಬೇಡ ಅನ್ನುವವರು ಇದೇ ಕೆಲಸದ ಸಿದ್ಧ ಸೇವೆಗಳಾದ ಟೇಲ್‌ಸ್ಕೇಲ್ ಅಥವಾ ಝೀರೊಟಿಯರ್ ಬಳಸಬಹುದು.

ವಿಪಿಎನ್‌ನ ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಚಿಕ್ಕ ಪ್ಯಾಕೆಟ್) 25 ಸೆಕೆಂಡ್ ಇಡಿ, ಇಲ್ಲದಿದ್ದರೆ ಸುಮ್ನೆ ಇದ್ದ ದಾರಿಯನ್ನು ಕಂಪನಿಯ ನೆಟ್‌ವರ್ಕ್ ಮುಚ್ಚಿಬಿಡುತ್ತದೆ. ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1280 ಬೈಟ್‌ಗೆ ಇಳಿಸಿ. ಟೆಲಿಮೆಟ್ರಿ ಕಳಿಸುವ ಭಾಷೆಯಾದ ಮ್ಯಾವ್‌ಲಿಂಕನ್ನು, ಕಳೆದದ್ದನ್ನು ಮತ್ತೆ ಕಳಿಸದ ಯುಡಿಪಿಯಲ್ಲೇ ಕಳಿಸಿ. ಟಿಸಿಪಿ ಆದರೆ ಕಳೆದುಹೋದ ಹಳೆಯ ಪ್ಯಾಕೆಟ್‌ಗಾಗಿ ಹೊಸವು ಕಾಯುತ್ತವೆ, ಎರಡು ಸೆಕೆಂಡ್ ಹಿಂದೆ ಡ್ರೋನ್ ಎಲ್ಲಿತ್ತು ಅನ್ನುವುದು ಈಗ ಯಾರಿಗೆ ಬೇಕು ಅಲ್ವಾ?

ಬಹಳ ಜನರನ್ನು ಕಾಡುವ ಒಂದು ವಿಚಿತ್ರ ತೊಂದರೆ ಇದೆ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಆನ್ ಆದಾಗ ಅದು ಹಳೆಯ ಸಮಯವನ್ನೇ ನಂಬಿರುತ್ತದೆ. ವೈರ್‌ಗಾರ್ಡ್ ಸಂಪರ್ಕ ಶುರುವಾಗುವ ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಗುರುತು ಇರುತ್ತದೆ, ಹಿಂದೆ ಬಂದದ್ದಕ್ಕಿಂತ ಹಳೆಯದು ಬಂದರೆ ಸರ್ವರ್ ಮಾತೇ ಆಡುವುದಿಲ್ಲ. ಇಂಟರ್ನೆಟ್ ಇದೆ, ವಿಪಿಎನ್ ಮಾತ್ರ ಏಳುವುದಿಲ್ಲ. ಒಂದು ಅಗ್ಗದ ಆರ್‌ಟಿಸಿ (ಗಡಿಯಾರದ) ಮಾಡ್ಯೂಲ್ ಹಾಕಿ, ಅಥವಾ ಸಮಯ ಸರಿಯಾದ ಮೇಲೆಯೇ ವಿಪಿಎನ್ ಶುರುವಾಗುವ ಹಾಗೆ ಮಾಡಿ.

ವಿಡಿಯೊಗೆ ಕಡಿವಾಣ

ಟೆಲಿಮೆಟ್ರಿಗೆ ಬೇಕಾಗುವುದು ಬಹಳ ಕಮ್ಮಿ ಡೇಟಾ. ವಿಡಿಯೊ ಅದರ ಎಷ್ಟೋ ಪಟ್ಟು ತಿನ್ನುತ್ತದೆ. ಅಪ್‌ಲೋಡ್ ಕುಸಿದಾಗ ವಿಡಿಯೊ ಪ್ಯಾಕೆಟ್‌ಗಳು ಮೋಡೆಮ್‌ನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಅವುಗಳ ಹಿಂದೆ ಟೆಲಿಮೆಟ್ರಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಸಂಪರ್ಕ ಹೋಯಿತು ಅಂತ ಕಾಣುವುದು ಎಷ್ಟೋ ಸಲ ಈ ಕಾರಣಕ್ಕೆ.

ಪರೀಕ್ಷೆಯಲ್ಲಿ ಸಿಕ್ಕ ಅತಿ ಕಮ್ಮಿ ಅಪ್‌ಲೋಡ್ ವೇಗವನ್ನು ತೆಗೆದುಕೊಳ್ಳಿ, ವಿಡಿಯೊಗೆ ಅದರ ಅರ್ಧ ಮಾತ್ರ ಕೊಡಿ. 720ಪಿ ಚಿತ್ರ ಒಂದರಿಂದ ಒಂದೂವರೆ ಎಂಬಿಪಿಎಸ್‌ನಲ್ಲಿ ಕೆಲಸಕ್ಕೆ ಬರುವಷ್ಟು ಚೆನ್ನಾಗಿರುತ್ತದೆ. ವೇಗಕ್ಕೆ ತಕ್ಕ ಹಾಗೆ ತಾನೇ ಇಳಿಯುವ ವೆಬ್‌ಆರ್‌ಟಿಸಿ (ನೇರ ವಿಡಿಯೊ ಕಳಿಸುವ ಒಂದು ವಿಧಾನ) ಇದ್ದರೆ ಇನ್ನೂ ಒಳ್ಳೆಯದು. ಲಿನಕ್ಸ್‌ನ ಟಿಸಿ (ಟ್ರಾಫಿಕ್ ಕಂಟ್ರೋಲ್) ಬಳಸಿ ಟೆಲಿಮೆಟ್ರಿಗೆ ಮೊದಲ ಆದ್ಯತೆ ಕೊಡಿ. ಪೂರ್ತಿ ಗುಣಮಟ್ಟದ ವಿಡಿಯೊ ಡ್ರೋನ್‌ನಲ್ಲಿರುವ ಕಾರ್ಡ್‌ನಲ್ಲೇ ರೆಕಾರ್ಡ್ ಆಗಲಿ.

ಸಂಪರ್ಕ ಹೋದಾಗ ಡ್ರೋನ್ ಏನು ಮಾಡಬೇಕು?

ಹೋಗುತ್ತದೆ. ಎಷ್ಟೇ ಮಾಡಿದರೂ ಒಂದು ದಿನ ಹೋಗುತ್ತದೆ, ಆಗ ಏನು ಅನ್ನುವುದನ್ನು ನೆಲದ ಮೇಲೆ ಇದ್ದಾಗಲೇ ತೀರ್ಮಾನಿಸಬೇಕು. ಆರ್ಡುಪೈಲಟ್‌ನಲ್ಲಿ ಗ್ರೌಂಡ್ ಸ್ಟೇಷನ್ ಫೇಲ್‌ಸೇಫ್ ಅಂತ ಇದೆ, ನೆಲದ ಲ್ಯಾಪ್‌ಟಾಪ್‌ನ ಸಂಪರ್ಕ ತಪ್ಪಿದಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗ್. ಅದು ಆನ್ ಇದೆಯಾ ಅಂತ ಮೊದಲು ನೋಡಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಸೆಕೆಂಡ್ ಸುದ್ದಿ ಇಲ್ಲದಿದ್ದರೆ ಅದು ಕೆಲಸ ಶುರು ಮಾಡುತ್ತದೆ. ರಿಮೋಟ್ ಸಂಪರ್ಕ ಗಟ್ಟಿ ಇದ್ದು ಡ್ರೋನ್ ಕಣ್ಣೆದುರೇ ಇದ್ದರೆ, 4ಜಿ ತಪ್ಪಿದಾಗ ಮಿಷನ್ ಮುಂದುವರಿಸು ಅಂತ ಇಡಬಹುದು. ರಿಮೋಟೂ ತಪ್ಪಿದರೆ ಮಾತ್ರ ಕಡ್ಡಾಯವಾಗಿ ಮನೆಗೆ, ಅಂದರೆ ಹೊರಟ ಜಾಗಕ್ಕೆ.

ಮನೆಗೆ ಮರಳುವ ಎತ್ತರ ಆರ್ಡುಪೈಲಟ್‌ನ ಕಾಪ್ಟರ್‌ನಲ್ಲಿ ಮೊದಲೇ 15 ಮೀಟರ್ ಅಂತ ಇರುತ್ತದೆ. ನಮ್ಮ ತೆಂಗಿನ ಮರಗಳು 20, 25 ಮೀಟರ್ ಬೆಳೆಯುತ್ತವೆ. ತೋಟದ ಪಕ್ಕದಲ್ಲಿ ಕೆಳಗೆ ಹಾರುತ್ತಿದ್ದ ಡ್ರೋನ್ ಆ ಎತ್ತರದಲ್ಲಿ ವಾಪಸ್ ಹೊರಟರೆ ಸೀದಾ ಗರಿಗಳಿಗೇ ಹೋಗಿ ಹೊಡೆಯುತ್ತದೆ. ದಾರಿಯಲ್ಲಿರುವ ಅತಿ ಎತ್ತರದ ಮರ, ವಿದ್ಯುತ್ ಲೈನ್ ನೋಡಿ, ಅದಕ್ಕಿಂತ ಹತ್ತು ಮೀಟರ್ ಮೇಲೆ ಇಡಿ.

ಇದನ್ನೆಲ್ಲ ಸೆಟ್ ಮಾಡಿ ಬಿಟ್ಟರೆ ಸಾಲದು. ತೆರೆದ ಮೈದಾನದಲ್ಲಿ, ಕಮ್ಮಿ ಎತ್ತರದಲ್ಲಿ, ರಿಮೋಟ್ ಕೈಯಲ್ಲಿ ಹಿಡಿದು, ಲ್ಯಾಪ್‌ಟಾಪ್‌ನ ಇಂಟರ್ನೆಟ್ಟನ್ನು ಬೇಕಂತಲೇ ಕಿತ್ತು ನೋಡಿ. ಡ್ರೋನ್ ನೀವು ಅಂದುಕೊಂಡದ್ದನ್ನೇ ಮಾಡುತ್ತದೆಯಾ? ಆಮೇಲೆ ಮೋಡೆಮ್‌ನ ತಂತಿ ಕಿತ್ತು ಚುಚ್ಚಿ, ನೆಲದ ಮೇಲೆ, ಪ್ರೊಪೆಲ್ಲರ್ ಬಿಚ್ಚಿಟ್ಟು. ಸಂಪರ್ಕ ತಾನಾಗಿ ವಾಪಸ್ ಬರಬೇಕು. ಬರದಿದ್ದರೆ ಪೈನಲ್ಲಿ ಒಂದು ಕಾವಲು ಸ್ಕ್ರಿಪ್ಟ್ ಬೇಕು: ಸರ್ವರ್‌ಗೆ ಪಿಂಗ್ ಅರ್ಧ ನಿಮಿಷ ನಿಂತರೆ ಮೋಡೆಮನ್ನು ರೀಸೆಟ್ ಮಾಡುವಂಥದ್ದು.

ಹಾರಿಸುವ ದಿನ

ಡೇಟಾ ಪ್ಯಾಕ್ ಉಳಿದಿದೆಯಾ ನೋಡಿ. ದಿನದ ಮಿತಿ ಮುಗಿದ ಮೇಲೆ ವೇಗ ಬೀಳುವ ಪ್ಲಾನ್ ಆದರೆ ಮೂರನೇ ಬ್ಯಾಟರಿ ಹೊತ್ತಿಗೆ ವಿಡಿಯೊ ನಿಲ್ಲುತ್ತದೆ. ಜಾತ್ರೆ, ಮದುವೆ, ಸಭೆ ಇರುವ ದಿನ ಆ ಟವರ್ ಬೆಳಿಗ್ಗೆ ಪರೀಕ್ಷೆ ಮಾಡಿದ ಹಾಗೆ ಇರುವುದಿಲ್ಲ. ಮೋಡೆಮ್ ನೆಟ್‌ವರ್ಕ್ ಹಿಡಿದು, ವಿಪಿಎನ್ ಎದ್ದು, ಹಾರ್ಟ್‌ಬೀಟ್ (ಸಂಪರ್ಕ ಇದೆ ಅಂತ ಡ್ರೋನ್ ಆಗಾಗ ಕಳಿಸುವ ಸಂದೇಶ) ಒಂದೆರಡು ನಿಮಿಷ ತಪ್ಪದೆ ಬಂದ ಮೇಲೆಯೇ ಏರಿಸಿ.

ಇಳಿದ ಮೇಲೆ ಲಾಗ್ ಫೈಲಿಗೆ ಜಾಗದ ಹೆಸರು, ತಾರೀಖು, ಸಿಮ್ ಹೆಸರು ಹಾಕಿ ಇಟ್ಟುಕೊಳ್ಳಿ. ಕಂಪನಿಯವರು ಹೊಸ ಟವರ್ ಹಾಕುತ್ತಾರೆ, ಇದ್ದ ಆಂಟೆನಾದ ಬಾಗು ಬದಲಿಸುತ್ತಾರೆ. ಹೋದ ವರ್ಷ 90 ಮೀಟರ್‌ನಲ್ಲಿ ಚೆನ್ನಾಗಿದ್ದ ಜಾಗ ಈ ವರ್ಷ ಹಾಗೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಆರೇಳು ತಿಂಗಳು ಬಿಟ್ಟು ಅಲ್ಲಿಗೆ ಮತ್ತೆ ಹೋದರೆ ಎತ್ತರದ ಪರೀಕ್ಷೆಯನ್ನು ಹೊಸದಾಗಿ ಮಾಡಿ, ಹಳೆಯ ಫೈಲನ್ನು ಪಕ್ಕದಲ್ಲಿಟ್ಟು ಹೋಲಿಸಿ.